ಮರ ತಿರುಗಿತೋ, ತಲೆ ತಿರುಗಿತೋ?

ಸೊರಬ ಕಡೆಯ ಹೊಸಬಾಳೆಯಿಂದ ಅಭಿಮಾನಿ ಗೆಳೆಯರೊಬ್ಬರು ಎರಡು ಪುಟ ಬರೆದಿದ್ದಾರೆ. ಒಂದೂವರೆ ಪುಟ ತಮ್ಮ ನೆಚ್ಚಿನ ನಾಯಕನ ಬಗ್ಗೆ... ಅದನ್ನು ಸಂಪಾದಕರಿಗೆ ದಾಟಿಸಿದ್ದೇನೆ! ಉಳಿದರ್ಧ ನನ್ನ ಪಾಲಿಗೆ.

ಇವರು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು. ತಿಂಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತಂತೆ. ಅಂದಿನಿಂದ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಮೇಲಿನ ಜಂತಿಯೆಲ್ಲ ಗಿರಗಿರ! ಮರದ ಬುಡದಲ್ಲಿ ನಿಂತು ಕತ್ತೆತ್ತಿದರೂ ಅದೇ ಕಥೆ. ಅರ್ಧ ನಿಮಿಷದಲ್ಲಿ ನಿಂತುಹೋಗುತ್ತೆ. ಮನೆಯವರು ‘ಪಿತ್ತ’ ಅಂತಾರೆ, ಜೊತೆಗಾರರು ‘ಎತ್ತರಕ್ಕೆ ಹೆದರಿದಾನೆ’ ಅಂತ ನಗ್ತಾರೆ. ‘ಕೊಯ್ಲು ಹತ್ತಿರ ಬಂತು, ಹತ್ತಲೋ ಬೇಡವೋ?’

ಹತ್ತಬೇಡಿ ಮಾರಾಯ್ರೇ! ಸದ್ಯಕ್ಕೆ ಬೈಕೂ ಬೇಡ.

ನಗುವ ಜೊತೆಗಾರರಿಗೆ ಒಂದು ಮಾತು. 1958ರಲ್ಲಿ ಹಿಚ್‌ಕಾಕ್ ‘ವರ್ಟಿಗೋ’ ಅಂತ ಚಿತ್ರ ತೆಗೆದ. ಪತ್ತೇದಾರನಾದ ಜೇಮ್ಸ್ ಸ್ಟುವರ್ಟ್ ಎತ್ತರದಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತೆ. ಕ್ಯಾಮೆರಾ ಒಂದು ಕಡೆ ಸರಿದು, ಜೂಮ್ ಅದಕ್ಕೆ ಎದುರು ಕಡೆ ಹೋಗಿ, ನೋಡುವವರ ತಲೆಯೂ ತಿರುಗುವಂತೆ ಮಾಡಿದ್ದ ಭೂಪ! ಆದರೆ ಅದು ಎತ್ತರದ ಭಯ. ನಮ್ಮ ಗೆಳೆಯರಿಗೆ ಹಾಸಿಗೆಯಲ್ಲೇ ತಿರುಗುತ್ತಲ್ಲ, ಹಾಸಿಗೆಗೆ ಯಾರಾದರೂ ಹೆದರ್ತಾರಾ?

ತಪ್ಪಿರುವುದು ಬಹುಶಃ ಕಿವಿಯ ಒಳಗೆ. ಅಲ್ಲಿ ಸಮತೋಲ ಕಾಯುವ ಮೂರು ಬಾಗಿದ ನಾಳಗಳಿವೆ, ಅವುಗಳ ತುಂಬ ದ್ರವ. ಪಕ್ಕದ ಚೀಲದಲ್ಲಿ ಸುಣ್ಣದಕಲ್ಲಿನ ಜಾತಿಯ ಪುಟ್ಟ ಪುಟ್ಟ ಹರಳು. ಪೆಟ್ಟು ಬಿದ್ದಾಗ, ಕೆಲವರಿಗೆ ವಯಸ್ಸಾದಾಗ, ಹರಳು ಜಾರಿ ನಾಳ ಸೇರುತ್ತೆ. ಕತ್ತು ಎತ್ತಿದರೆ ಅದು ಉರುಳಿ ದ್ರವ ಕದಡುತ್ತೆ. ತಲೆ ನಿಂತಿದ್ದರೂ ‘ತಿರುಗ್ತಾ ಇದೀವಿ’ ಅಂತ ಮೆದುಳಿಗೆ ಸುಳ್ಳು ವರದಿ!

ಮಾತ್ರೆ ನುಂಗಿದರೆ ಹರಳು ವಾಪಸು ಹೋಗಲ್ಲ. ಹೋಗುವುದು ತಲೆ ತಿರುಗಿಸಿದರೆ! ಅಮೆರಿಕದ ಡಾ. ಜಾನ್ ಎಪ್ಲಿ ಕಂಡುಹಿಡಿದ ಉಪಾಯ ಇದು. ಬಲಗಿವಿಯ ದೋಷವಾದರೆ ಮುಖ ಅರ್ಧ ಬಲಕ್ಕೆ ತಿರುಗಿಸಿ, ತಲೆ ಮಂಚದಂಚಿಗೆ ಸ್ವಲ್ಪ ಇಳಿಬೀಳುವಂತೆ ಮಲಗಿಸ್ತಾರೆ. ಸುತ್ತು ನಿಂತ ಮೇಲೆ ತಲೆ ಎಡಕ್ಕೆ. ಆಮೇಲೆ ಮೈಯೂ ಎಡಕ್ಕೆ ಹೊರಳಿ ಮುಖ ನೆಲದ ಕಡೆಗೆ. ಕೊನೆಗೆ ಎದ್ದು ಕೂರುವುದು. ಒಂದೆರಡು ಸಲಕ್ಕೇ ಬಹಳ ಜನಕ್ಕೆ ವಾಸಿ. ಆದರೆ ಯಾವ ಕಿವಿ, ಯಾವ ನಾಳ ಅಂತ ಕಣ್ಣುಗುಡ್ಡೆಯ ಕುಣಿತ ನೋಡಿಯೇ ಹೇಳಬೇಕು. ತಲೆಗೆ ಪೆಟ್ಟೂ ಬಿದ್ದಿದೆ. ಹಾಗಾಗಿ ಮೊದಲ ಸಲ ನೀವೇ ಮಾಡಿಕೊಳ್ಳಬೇಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ ತೋರಿಸಿ.

ಬೇರೆ ಗೆಳೆಯರೂ ಕೇಳಿ. ಮೊದಲ ಆಟಕ್ಕೆ ಖಾಲಿ ಹೊಟ್ಟೆಯಲ್ಲಿ ಕ್ಯೂ ನಿಂತು ಕಣ್ಣು ಕತ್ತಲೆ ಬಂದರೆ ಅದು ಈ ಕಾಯಿಲೆಯಲ್ಲ, ಅನ್ನ-ನೀರಿನ ಕೊರತೆ. ಗಂಟೆಗಟ್ಟಲೆ ಸುತ್ತಿ, ಒಂದು ಕಿವಿ ಗುಂಯ್‌ಗುಟ್ಟಿ ಮಂದವಾದರೆ ಮೆನಿಯೇರ್ ಕಾಯಿಲೆ ಇರಬಹುದು. ಉಪ್ಪು ಇಳಿಸಿ, ವೈದ್ಯರನ್ನು ಕಾಣಿ. ಶೀತ-ಜ್ವರದ ನಂತರ ದಿನಗಟ್ಟಲೆ ಬಿಡದೆ ಸುತ್ತಿದರೆ ಸಮತೋಲದ ನರ ಊದಿರಬಹುದು. ಸುತ್ತಿನ ಜೊತೆ ತಲೆಶೂಲೆ ಬಂದು ಬೆಳಕು ಸೇರದಿದ್ದರೆ ಮೈಗ್ರೇನ್. ಆದರೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಅದು ಮೆದುಳಿನ ಲಕ್ವ ಇದ್ದೀತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಆಸ್ಪತ್ರೆಯನ್ನು ಅದಕ್ಕೂ ಮೊದಲೇ ಮುಟ್ಟಿರಬೇಕು. ಪಿತ್ತಕ್ಕೆ ನಿಂಬೆಹಣ್ಣು ಹಿಂಡುತ್ತಾ ಕೂರುವ ಹೊತ್ತಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೆಮೆಟಿಲ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ವಾಂತಿ ತಡೆಯಲು ಒಂದೆರಡು ದಿನಕ್ಕೆ ಸರಿ. ಬಹುಕಾಲ ತಿಂದರೆ ಕೈ ನಡುಗುವುದೂ ಉಂಟು.

ಹೊಸಬಾಳೆ ಗೆಳೆಯರ ಕೊನೆಯ ಪ್ರಶ್ನೆ: ‘ಅಲ್ಲಿತನಕ ಸಿನಿಮಾ ನೋಡಬಹುದಾ?’ ಧಾರಾಳವಾಗಿ! ಆದರೆ ಗಾಂಧಿ ಕ್ಲಾಸ್ ಬೇಡ. ತೆರೆಗೆ ಅಷ್ಟು ಹತ್ತಿರ ಕೂತರೆ ಕತ್ತೆತ್ತಬೇಕಾಗುತ್ತೆ. ಹಿಂದಿನ ಸಾಲಿನ ಟಿಕೆಟ್ ತಗೊಳ್ಳಿ.