ಬಾಟಲಿಯಿಂದ ತೆಗೆದ ಗೋಲಿ

ಪುಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಒಂದು ಗಂಟೆ ಕನ್ನಡ ತರಗತಿ. 14 ಮಕ್ಕಳು. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಆಟಕ್ಕೆ ಹಿಂದಿ. ಕಲಿಸುವವಳು ನಾನು. ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್, ಭಾನುವಾರ ಅ ಆ ಇ ಈ. ಮಕ್ಕಳಿಗೆ ಪಾಠ ಹೇಳುವ ತರಬೇತಿಯೇನೂ ನನಗಿಲ್ಲ.

ಗಲಾಟೆ ತಡೆಯಲಾರದೆ ಜೂನ್‌ನಲ್ಲಿ ಒಂದು ಉಪಾಯ ಮಾಡಿದೆ. ಖಾಲಿ ಉಪ್ಪಿನಕಾಯಿ ಬಾಟಲಿ, ಒಂದು ಚೀಲ ಗೋಲಿ. ಒಬ್ಬರು ಓದುವಾಗ ಉಳಿದವರು ಕೇಳಿಸಿಕೊಂಡರೆ, ಕೈಯೆತ್ತಿ ಮಾತಾಡಿದರೆ, ಒಂದು ಗೋಲಿ ಒಳಗೆ. ಬಾಟಲಿ ತುಂಬಿದ ದಿನ ಪಾಠವಿಲ್ಲ, ಎಲ್ಲರಿಗೂ ಲಗೋರಿ. ಎರಡು ವಾರ ಚೆನ್ನಾಗಿಯೇ ನಡೆಯಿತು. ಮೂರನೇ ವಾರ ನನ್ನ ಬುದ್ಧಿ ಇನ್ನಷ್ಟು ಚುರುಕಾಯಿತು: ಗಲಾಟೆ ಮಾಡಿದರೆ ಒಂದು ಗೋಲಿ ಹೊರಗೆ ಎಂದೆ.

ತರಗತಿಯಲ್ಲಿ ಎಂಟು ವರ್ಷದ ಹುಡುಗನೊಬ್ಬನಿದ್ದಾನೆ. ಕೂತಲ್ಲಿ ಕೂರಲಾರ. ಅವನು ಎದ್ದಾಗಲೆಲ್ಲ ಗೋಲಿ ಹೊರಗೆ ಬರುತ್ತಿತ್ತು, ಉಳಿದ 13 ಮಕ್ಕಳು ಅವನತ್ತ ತಿರುಗಿ ನೋಡುತ್ತಿದ್ದರು. ಆಮೇಲೆ ಎರಡು ಭಾನುವಾರ ಅವನು ಬರಲಿಲ್ಲ. ಅಮ್ಮನನ್ನು ಕೇಳಿದೆ. "ನಾನು ಹೋಗದಿದ್ದರೆ ಬಾಟಲಿ ಬೇಗ ತುಂಬುತ್ತೆ ಅಂತಾನೆ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂಥ ಗುಂಪು ಬಹುಮಾನ ಎಲ್ಲಿಂದ ಬಂತೆಂದು ಹುಡುಕಿ ಓದಿದೆ. 1969ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ನಾಲ್ಕನೇ ತರಗತಿಯ 24 ಮಕ್ಕಳನ್ನು ಎರಡು ತಂಡ ಮಾಡಿ ಆಡಿಸಿದ ಆಟದ ವರದಿ ಪ್ರಕಟವಾಗಿತ್ತು. ನಿಯಮ ಮುರಿದರೆ ಹಲಗೆಯ ಮೇಲೆ ತಂಡದ ಹೆಸರಿಗೆ ಒಂದು ಗುರುತು. ಗೆದ್ದವರಿಗೆ ಊಟದ ಸಾಲಿನಲ್ಲಿ ಮೊದಲ ಜಾಗ, ಕೊನೆಯಲ್ಲಿ ಒಂದಿಷ್ಟು ಬಿಡುವು. ಗಲಾಟೆ ಬಹಳ ಇಳಿಯಿತು. ಅಲ್ಲಿಯೂ ತಪ್ಪನ್ನೇ ಎಣಿಸಿದರು, ನಿಜ. ಆದರೆ ಕೆಲವು ತಪ್ಪುಗಳಿಗೆ ಜಾಗವಿತ್ತು. ಗುರುತುಗಳು ಮಿತಿ ದಾಟದಿದ್ದರೆ ಎರಡೂ ತಂಡ ಗೆಲ್ಲುತ್ತಿದ್ದವು. ತಂಡಕ್ಕೆ ಪದೇಪದೇ ಗುರುತು ತರುತ್ತಿದ್ದ ಇಬ್ಬರನ್ನು ಬೇರೆ ಎಣಿಸಿದರು, ಅವರಿಂದಾಗಿ ಉಳಿದವರು ಸೋಲದಂತೆ.

1980ರ ದಶಕದಲ್ಲಿ ಬಾಲ್ಟಿಮೋರ್‌ನ ಒಂದನೇ ತರಗತಿಗಳಲ್ಲಿ ಇದೇ ಆಟ ಆಡಿಸಿ, ಆ ಮಕ್ಕಳನ್ನು 19-21 ವಯಸ್ಸಿನವರೆಗೂ ಗಮನಿಸಿದರು. ಆಟ ಆಡಿದವರಲ್ಲಿ ಮಾದಕ ವಸ್ತುವಿನ ತೊಂದರೆ ಕಡಿಮೆಯಿತ್ತು. ಹೆಚ್ಚು ಲಾಭವಾದದ್ದು ಯಾರಿಗೆ? ಚಿಕ್ಕಂದಿನಲ್ಲಿ ಅತಿ ಹೆಚ್ಚು ರಂಪ ಮಾಡುತ್ತಿದ್ದ ಹುಡುಗರಿಗೆ. ನಾನು ಮನೆಯಲ್ಲಿ ಕೂರಿಸಿದ್ದು ಅಂಥವನನ್ನೇ.

ಆಫೀಸಿನಲ್ಲಿ ಒಬ್ಬರ ಬಗ್‌ನಿಂದ ರಿಲೀಸ್ ತಡವಾಗಿ ಇಡೀ ತಂಡದ ಬೋನಸ್ ಕೈತಪ್ಪಿದಾಗ ಕ್ಯಾಂಟೀನಿನಲ್ಲಿ ಆ ಮನುಷ್ಯನ ಪಕ್ಕ ಯಾರು ಕೂರುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಮಕ್ಕಳ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಹುಡುಗನ ಮನೆಗೆ ಹೋಗಿ, ತಪ್ಪು ನಿನ್ನದಲ್ಲ, ನನ್ನದು ಎಂದೆ. ಈಗ ಒಳಗೆ ಹೋದ ಗೋಲಿ ಹೊರಗೆ ಬರುವುದಿಲ್ಲ. ಬಾಟಲಿ ಚಿಕ್ಕದಾಗಿದೆ, ನಾಲ್ಕು ವಾರದಲ್ಲಿ ತುಂಬುತ್ತದೆ. ಯಾರಿಗಾದರೂ ಬುದ್ಧಿ ಹೇಳಬೇಕಾದರೆ ಪಕ್ಕಕ್ಕೆ ಕರೆದು ಹೇಳುತ್ತೇನೆ. ಗೋಲಿ ಹಾಕುವ ಕೆಲಸ ಸರದಿಯಂತೆ ಎಲ್ಲರಿಗೂ. ಆ ಹುಡುಗ ಈಗಲೂ ನಡುವೆ ಎದ್ದು ಓಡಾಡುತ್ತಾನೆ. ಆದರೆ ಭಾನುವಾರ ತಪ್ಪಿಸುವುದಿಲ್ಲ. ಹೋದ ವಾರ ಲಗೋರಿಯಲ್ಲಿ ಅವನನ್ನೇ ಎರಡು ತಂಡದವರೂ ತಮಗೆ ಬೇಕೆಂದು ಎಳೆದಾಡಿದರು.

ನಿಮ್ಮ ಊರಿನಲ್ಲೂ ಕನ್ನಡ ತರಗತಿ ನಡೆಸುತ್ತಿದ್ದರೆ ಬಾಟಲಿ ಇಟ್ಟು ನೋಡಿ. ಗೋಲಿ ಮಾತ್ರ ತೆಗೆಯಬೇಡಿ.