ಹೆಲ್ಮೆಟ್ ಉಂಟು, ತಲೆಗೆ ಹೊಂದುವುದಿಲ್ಲ!

ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಸಂಜೆ ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸತಲ್ಲ. ದೂರದಲ್ಲಿ ಖಾಕಿ ಕಂಡದ್ದೇ ತಡ, ಬೈಕಿನ ಕನ್ನಡಿಗೆ ನೇತಾಡುತ್ತಿದ್ದ ಹೆಲ್ಮೆಟ್ ತಲೆಗೇರುತ್ತದೆ. ಸರ್ಕಲ್ ದಾಟಿ ನೂರು ಮಾರು ಹೋದ ಮೇಲೆ ಪುನಃ ಕನ್ನಡಿಗೆ ಇಳಿಯುತ್ತದೆ. ಗಲ್ಲದ ಪಟ್ಟಿ ಹಾಕುವ ಮಾತೇ ಇಲ್ಲ. ಕೇಳಿದರೆ, "ಇಲ್ಲೆ ಪ್ಯಾಟಿಗ್ ಹೋಯ್ ಬಪ್ಪುಕೆ ಹೆಲ್ಮೆಟ್ ಎಂತಕೆ ಮರಾಯ್ರೆ?" ಎಂಬ ಸಿದ್ಧ ಉತ್ತರ.

ಪೇಟೆಗೆ ಹೋಗಿ ಬರುವವರ ಕಥೆ ಹಾಗಿರಲಿ. ಈಗ ತಲೆಬಿಸಿ ಮಾಡಬೇಕಾದ ಇನ್ನೊಂದು ಗುಂಪು ಉಂಟು. ಬ್ರಹ್ಮಾವರ, ಕುಂದಾಪುರ, ಬೈಂದೂರು ಈ ಮೂರೂ ತಾಲೂಕುಗಳ ಹುಡುಗರಲ್ಲಿ ಮೋಟಾರ್ ರೇಸಿನ ಆಸೆ ಬೆಳೆದಿದೆ. ಅದಕ್ಕೆ ಕಾರಣವೂ ದೂರದ್ದಲ್ಲ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರು ದೇಶದ ಮರಳುಗಾಡಿನಲ್ಲಿ ನಡೆದ ಡಾಕರ್ ರ‍್ಯಾಲಿಯನ್ನು ಕೊನೆ ಮುಟ್ಟಿಸಿ 37ನೆಯವರಾಗಿ ಬಂದರು. ಆಮೇಲೆ ಬಿಗ್‌ಬಾಸ್ ಮನೆಗೂ ಹೋಗಿ ಮನೆಮಾತಾದರು. ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್ ಕಾರು ರ‍್ಯಾಲಿಗಳಲ್ಲಿ ಚಾಲಕನ ಪಕ್ಕದ ಸೀಟಿನಲ್ಲಿ ಕೂತು ರಾಷ್ಟ್ರೀಯ ಚಾಂಪಿಯನ್ ಪಟ್ಟಗಳನ್ನೇ ತಂದವರು. ನಮ್ಮ ಕಡೆಯವರೇ ಮಾಡಿ ತೋರಿಸಿದ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ಮಂಗಳೂರು, ಚಿಕ್ಕಮಗಳೂರಿನ ಕಡೆ ಮಣ್ಣಿನ ಟ್ರ್ಯಾಕಿನ ಸ್ಪರ್ಧೆ ಎಂದರೆ ಹೊರಟೇ ಬಿಡುತ್ತಾರೆ.

ಹೊರಡಲಿ, ಬೇಡ ಎನ್ನುವವರು ಯಾರು? ಸಾರ್ವಜನಿಕ ಹೆದ್ದಾರಿಯಲ್ಲಿ, ಮರವಂತೆಯ ಕಡಲ ಬದಿಯಲ್ಲಿ ಬೈಕ್ ಮಲಗಿಸಿ ಓಡಿಸುವುದಕ್ಕಿಂತ, ಆಂಬ್ಯುಲೆನ್ಸ್ ನಿಂತಿರುವ ಟ್ರ್ಯಾಕಿನಲ್ಲಿ ಓಡಿಸುವುದು ಸಾವಿರ ಪಾಲು ವಾಸಿ. ಪ್ರಶ್ನೆ ಇರುವುದು ಆ ತಲೆಯ ಮೇಲೆ ಏನಿದೆ ಎಂಬಲ್ಲಿ. ಎಂಜಿನ್ ಕೆಲಸಕ್ಕೆ, ಸೈಲೆನ್ಸರಿಗೆ, ಟಯರಿಗೆ ಸಾವಿರಗಟ್ಟಲೆ ಸುರಿದ ಹುಡುಗ ಹೆಲ್ಮೆಟ್ಟಿಗೆ ಬಂದಾಗ ಗೆಳೆಯನದ್ದನ್ನು ಎರವಲು ಪಡೆಯುತ್ತಾನೆ. ಇಲ್ಲವಾದರೆ ಹೆದ್ದಾರಿ ಬದಿಯಲ್ಲಿ ಹಗ್ಗಕ್ಕೆ ಕಟ್ಟಿ ಮಾರುವ, ಬಣ್ಣಬಣ್ಣದ ಚಿತ್ತಾರದ, ರೇಸಿನ ಹೆಲ್ಮೆಟ್ಟಿನಂತೆಯೇ ಕಾಣುವ ವಸ್ತುವನ್ನು ಚೌಕಾಶಿ ಮಾಡಿ ತರುತ್ತಾನೆ. ಅಪ್ಪನಿಗೂ ಅದೇ ಸಮಾಧಾನ, ಹೆಲ್ಮೆಟ್ ಉಂಟಲ್ಲ!

2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ. ಅದಕ್ಕೂ ಮೊದಲು 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಾಕರ್ ರ‍್ಯಾಲಿಯಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬಿದ್ದಾಗ ವೈದ್ಯರು ಅವರನ್ನು ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿಯೇ ಇಡಬೇಕಾಯಿತು. ಜಗತ್ತಿನಲ್ಲಿ ಸಿಗುವ ಒಳ್ಳೆಯ ರಕ್ಷಣೆ ತೊಟ್ಟಿದ್ದ ಅನುಭವಿ ಸವಾರನಿಗೇ ಹಾಗಾಯಿತು. ಅವರು ಗುಣವಾಗಿ ಊರಿಗೆ ಮರಳಿದರು. ಹಗ್ಗದಲ್ಲಿ ನೇತಾಡುವ ಹೆಲ್ಮೆಟ್ ತೊಟ್ಟು ಬಿದ್ದವನ ಗತಿ ಏನು? ಬೈಂದೂರಿನಿಂದ ಮಣಿಪಾಲಕ್ಕೆ 60 ಕಿಲೋಮೀಟರಿಗೂ ಹೆಚ್ಚು ದಾರಿ ಎಂಬುದನ್ನು ಬೈಂದೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಹೆಲ್ಮೆಟ್ ಕೆಲಸ ಮಾಡುವ ರೀತಿ ಗೊತ್ತಾದರೆ ಅರ್ಧ ಮೋಸ ತಪ್ಪುತ್ತದೆ. ಹೊರಗಿನ ಗಟ್ಟಿ ಚಿಪ್ಪೇ ತಲೆ ಕಾಯುತ್ತದೆ ಎಂದು ಹೆಚ್ಚಿನವರ ನಂಬಿಕೆ. ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ, ಅಷ್ಟೆ. ನಿಜವಾದ ಕೆಲಸ ಒಳಗಿನ ಬಿಳಿ ಥರ್ಮಕೋಲಿನದ್ದು. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ, ತಲೆ ಗಕ್ಕನೆ ನಿಲ್ಲುವ ಬದಲು ಸ್ವಲ್ಪ ತಡೆದು ನಿಲ್ಲುವಂತೆ ಮಾಡುತ್ತದೆ. ಒಮ್ಮೆ ಜಜ್ಜಿದ್ದು ಪುನಃ ಉಬ್ಬುವುದಿಲ್ಲ. ಆದ್ದರಿಂದಲೇ ಒಂದು ಸಲ ಬಲವಾಗಿ ಬಿದ್ದ ಹೆಲ್ಮೆಟ್, ಹೊರಗೆ ಒಂದು ಗೀರೂ ಇಲ್ಲದೆ ಫಳಫಳ ಹೊಳೆದರೂ, ಮುಗಿದ ಹೆಲ್ಮೆಟ್ಟೇ. ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದುಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ. ಅದು ಎಲ್ಲಿ ಬಿದ್ದಿತ್ತು ಎಂಬುದು ಮಾರಿದವನಿಗೆ ಮಾತ್ರ ಗೊತ್ತು.

ರಸ್ತೆಯ ಹೆಲ್ಮೆಟ್ಟಿಗೆ ನಮ್ಮ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯ. 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ತಯಾರಿಸುವುದೂ ಮಾರುವುದೂ ಅಪರಾಧ. ಗುರುತಿನ ಮೇಲೆ ಐಎಸ್ 4151 ಎಂದೂ, ಕೆಳಗೆ ಸಿಎಂ/ಎಲ್ ಎಂಬ ಪರವಾನಿಗೆ ಸಂಖ್ಯೆಯೂ ಇರಬೇಕು. ಸ್ಟಿಕ್ಕರ್ ಅಂಟಿಸುವುದು ಯಾರಿಗೂ ಕಷ್ಟವಲ್ಲ, ಹಾಗಾಗಿ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪಿಗೆ ಹಾಕಿ ನೋಡಿದರೆ ಬಣ್ಣ ಬಯಲಾಗುತ್ತದೆ. 2025ರ ಜೂನ್ ಹೊತ್ತಿಗೆ ಇಡೀ ದೇಶದಲ್ಲಿ ಹೆಲ್ಮೆಟ್ ತಯಾರಿಗೆ ಚಾಲ್ತಿ ಪರವಾನಿಗೆ ಇದ್ದವರು 176 ಮಂದಿ ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೇ ಹೇಳಿತ್ತು. ದೆಹಲಿಯಲ್ಲಿ ದಾಳಿ ನಡೆಸಿ ಎರಡೂವರೆ ಸಾವಿರಕ್ಕೂ ಹೆಚ್ಚು ಕಳಪೆ ಹೆಲ್ಮೆಟ್ ಹಿಡಿದದ್ದೂ ಆಗಲೇ. ರಾಜಧಾನಿಯಲ್ಲೇ ಹೀಗಾದರೆ ಹೆಮ್ಮಾಡಿ, ಕೋಟ, ಶಿರೂರಿನ ರಸ್ತೆ ಬದಿಯ ಹಗ್ಗ ನೋಡಲು ಯಾರು ಬರಬೇಕು?

ರೇಸಿಗೆ ಐಎಸ್‌ಐ ಒಂದೇ ಸಾಕು ಎಂದು ತಿಳಿಯಬಾರದು. ಪ್ರತಿ ಸ್ಪರ್ಧೆಯ ನಿಯಮ ಪತ್ರದಲ್ಲಿ ಯಾವ ಗುರುತಿನ ಹೆಲ್ಮೆಟ್ ನಡೆಯುತ್ತದೆ ಎಂದು ಬರೆದಿರುತ್ತದೆ. ಅದನ್ನು ಓದಿದ ಮೇಲೆ ಅಂಗಡಿಗೆ ಹೋಗುವುದು ಬುದ್ಧಿವಂತಿಕೆ. ಮೊದಲು ಕೊಂಡು ಆಮೇಲೆ ಓದಿದವರು ತಪಾಸಣೆಯ ಮೇಜಿನ ಎದುರು ಮುಖ ಸಣ್ಣದು ಮಾಡಿಕೊಂಡು ನಿಲ್ಲಬೇಕಾಗುತ್ತದೆ. ಯುರೋಪಿನ ಇಸಿಇ 22.06, ಅಮೆರಿಕದ ಸ್ನೆಲ್, ಇವೆರಡು ಹೆಚ್ಚಾಗಿ ಕೇಳಿಬರುವ ಹೆಸರು. ಈ ಸ್ನೆಲ್ ಹೆಸರಿನ ಹಿಂದೆ ಒಂದು ಸಾವು ಉಂಟು. ವಿಲಿಯಂ ಸ್ನೆಲ್ ದೊಡ್ಡ ಚಾಂಪಿಯನ್ ಅಲ್ಲ, ನಮ್ಮ ಹುಡುಗರ ಹಾಗೆ ಹವ್ಯಾಸಕ್ಕೆ ಕಾರು ಓಡಿಸುತ್ತಿದ್ದವ. 1956ರಲ್ಲಿ ರೇಸಿನಲ್ಲಿ ಕಾರು ಮಗುಚಿದಾಗ ತೊಟ್ಟಿದ್ದ ಹೆಲ್ಮೆಟ್ ಅವನ ತಲೆ ಕಾಯಲಿಲ್ಲ. ಮರುವರ್ಷ ಸ್ನೇಹಿತರೇ ಸೇರಿ ಹೆಲ್ಮೆಟ್ ಪರೀಕ್ಷಿಸುವ ಪ್ರತಿಷ್ಠಾನವೊಂದನ್ನು ಅವನ ಹೆಸರಿನಲ್ಲಿ ಕಟ್ಟಿದರು.

ಸ್ನೆಲ್ ಗುರುತಿನಲ್ಲೂ ಎರಡು ಬಗೆ. ಎಂ ಎಂದಿದ್ದರೆ ಬೈಕಿಗೆ, ಎಸ್‌ಎ ಎಂದಿದ್ದರೆ ಕಾರಿಗೆ. ಕಾರಿನದ್ದಕ್ಕೆ ಬೆಂಕಿಯ ಪರೀಕ್ಷೆ ಉಂಟು, ಕಾರಿನೊಳಗಿನ ಕಬ್ಬಿಣದ ಸರಳಿಗೆ ತಲೆ ಬಡಿಯುವ ಪರೀಕ್ಷೆಯೂ ಉಂಟು. ಬೈಕಿನದ್ದಕ್ಕೆ ಇವೆರಡೂ ಇಲ್ಲ. ಬೈಕಿನ ಹೆಲ್ಮೆಟ್ ಹಾಕಿ ಕಾರು ರ‍್ಯಾಲಿಗೆ ಹೋಗುವವರು ಇದನ್ನು ಗಮನಿಸಬೇಕು.

ಇನ್ನು ಅಳತೆ. ಎಲ್ಲರೂ ಎಡವುವುದು ಇಲ್ಲೇ. ಬಡಗುತಿಟ್ಟಿನ ವೇಷಧಾರಿ ಚೌಕಿಯಲ್ಲಿ ಮುಂಡಾಸು ಕಟ್ಟುವುದನ್ನು ನೋಡಿದವರಿಗೆ ಗೊತ್ತು. ತನ್ನ ತಲೆಗೆ, ತನ್ನ ಹದಕ್ಕೆ ಬಿಗಿಯುತ್ತಾನೆ. ಬೆಳಗಿನ ತನಕ ಧೀಂಗಿಣ ಹಾಕಿದರೂ ಅದು ಜಾರಬಾರದು. ಆಟಕ್ಕೆ ಇಷ್ಟು ನಿಗಾ ಇಡುವ ಊರಿನಲ್ಲಿ ಹೆಲ್ಮೆಟ್ಟಿಗೆ ಮಾತ್ರ "ಮೀಡಿಯಂ ಕೊಡಿ" ಎಂಬ ಎರಡೇ ಮಾತು! ಟೈಲರ್ ಟೇಪಿನಲ್ಲಿ ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಹಿಂದೆ ತಲೆ ಉಬ್ಬಿರುವಲ್ಲಿ ಹಾಯಿಸಿ ಸುತ್ತಳತೆ ತೆಗೆಯಬೇಕು. ಕಂಪೆನಿಯಿಂದ ಕಂಪೆನಿಗೆ ಮೀಡಿಯಂ ಬೇರೆ ಬೇರೆ. ಸುತ್ತಳತೆ ಒಂದೇ ಇದ್ದರೂ ಒಬ್ಬನದು ಗುಂಡು ತಲೆ, ಇನ್ನೊಬ್ಬನದು ಉದ್ದ ತಲೆ. ಹಾಗಾಗಿ ಟೇಪು ಅಂದಾಜು ಮಾತ್ರ, ಹಾಕಿ ನೋಡದೆ ಗತಿಯಿಲ್ಲ.

ಹೊಸ ಹೆಲ್ಮೆಟ್ ತೊಡುವಾಗ ಕಿವಿ ಉಜ್ಜಬೇಕು, ಕೆನ್ನೆ ಒತ್ತಿ ಬಾಯಿ ಸ್ವಲ್ಪ ಮುಂದೆ ಬರಬೇಕು. ತಲೆಯನ್ನು ಎಡಬಲ ಆಡಿಸಿದರೆ ಹಣೆಯ ಚರ್ಮವೂ ಹೆಲ್ಮೆಟ್ಟಿನ ಜೊತೆ ಸರಿಯಬೇಕು, ಚರ್ಮ ಅಲ್ಲೇ ಇದ್ದು ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದು. ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಬೇರೆಯವರಿಂದ ಮೇಲಕ್ಕೆ, ಮುಂದಕ್ಕೆ ಎಳೆಸಿ ನೋಡಬೇಕು. ಕಳಚಿ ಬಂದರೆ ಬೀಳುವಾಗಲೂ ಕಳಚುತ್ತದೆ. ಆಮೇಲೆ ಕಾಲು ಗಂಟೆ ತೊಟ್ಟುಕೊಂಡೇ ಅಂಗಡಿಯಲ್ಲಿ ಕೂರಬೇಕು. ಎಲ್ಲಾ ಕಡೆ ಸಮನಾಗಿ ಬಿಗಿಯಾದರೆ ಚಿಂತೆಯಿಲ್ಲ, ಕೆನ್ನೆಯ ಸ್ಪಂಜು ಬಳಸಿದಂತೆ ಸಡಿಲವಾಗುತ್ತದೆ. ಹಣೆಯ ಒಂದೇ ಜಾಗದಲ್ಲಿ ನೋವು ಶುರುವಾದರೆ ಆ ಆಕಾರ ಆ ತಲೆಗೆ ಆಗದು. ಅಂತಹ ಹೊತ್ತಿನಲ್ಲಿ ಅಂಗಡಿಯವರು, "ಎರಡ್ ದಿನ ಹಾಯ್ಕಂಡ್ರೆ ಸಮಾ ಆತ್ತ್" ಎಂದರೆ ನಂಬಬಾರದು. ಸ್ಪಂಜು ಸಡಿಲವಾದೀತು, ಥರ್ಮಕೋಲು ಆಗದು. ಕನ್ನಡಕದವರು ಕನ್ನಡಕ ಸಮೇತ ಹಾಕಿ ನೋಡಬೇಕು.

ಇದಕ್ಕೆ ಅಂಗಡಿಯವರ ಸಹಕಾರ ಬೇಕು ಎಂಬುದೂ ನಿಜ. ಕಾಲು ಗಂಟೆ ಹೆಲ್ಮೆಟ್ ತೊಟ್ಟು ಕೂತ ಗಿರಾಕಿಯನ್ನು ನೋಡಿ ಮುಖ ಸಿಂಡರಿಸುವ ಅಂಗಡಿಗಿಂತ, ಸ್ಟೂಲು ಕೊಟ್ಟು ಕನ್ನಡಿ ಹಿಡಿಯುವ ಅಂಗಡಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೆವರಿನ ತಲೆಯಿಂದ ಮಾಲು ಹಾಳಾಗುತ್ತದೆ ಎಂಬ ವ್ಯಾಪಾರಿಗಳ ಗೊಣಗಾಟದಲ್ಲೂ ಹುರುಳಿಲ್ಲದಿಲ್ಲ, ಅದಕ್ಕೆ ತಲೆಗೊಂದು ತೆಳ್ಳಗಿನ ಬಟ್ಟೆ ಟೊಪ್ಪಿ ಇಟ್ಟುಕೊಂಡರಾಯಿತು.

ಕೊಂಡ ಮೇಲೆ ಪೆಟ್ರೋಲ್ ತಾಗಿಸಬಾರದು, ಸಿಕ್ಕಿದ ಪೇಂಟ್ ಬಳಿಯಬಾರದು. ಕಡಲ ಉಪ್ಪುಗಾಳಿಗೆ ಬಕಲ್ ತುಕ್ಕು ಹಿಡಿಯುವುದನ್ನು ಆಗಾಗ ನೋಡಬೇಕು. ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸಿ ಎನ್ನುವುದು ಸ್ನೆಲ್ ಸಂಸ್ಥೆಯ ಸಲಹೆ.

ಕಾನೂನು ಈ ವಿಷಯದಲ್ಲಿ ಎಷ್ಟು ದೂರ ಬಂದಿದೆ? ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂಬ ನಿಯಮ ಕರ್ನಾಟಕಕ್ಕೆ 2016ರಲ್ಲೇ ಬಂತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಒಳಗಿನ ಮಕ್ಕಳಿಗೂ ಹೆಲ್ಮೆಟ್ ಬೇಕೆಂದು ಕೇಂದ್ರ 2022ರಲ್ಲಿ ನಿಯಮ ಮಾಡಿತು. ಪಟ್ಟಿ ಬಿಗಿದಿರಬೇಕು ಎಂದು ಮೋಟಾರು ವಾಹನ ಕಾಯಿದೆಯ 129ನೇ ಕಲಮಿನಲ್ಲೇ ಉಂಟು. ಆದರೆ ರಸ್ತೆಯ ತಪಾಸಣೆಯಲ್ಲಿ ಕಾಣುವುದು ಒಂದೇ ಪ್ರಶ್ನೆ, ತಲೆ ಮೇಲೆ ಏನಾದರೂ ಉಂಟೋ ಇಲ್ಲವೋ. ಪಟ್ಟಿ ನೇತಾಡುತ್ತಿದ್ದರೂ ಗಾಡಿ ಮುಂದೆ ಹೋಗುತ್ತದೆ. ಅಲ್ಲಿ ಕಲಿತ ಹುಡುಗನೇ ಮಣ್ಣಿನ ಟ್ರ್ಯಾಕಿಗೆ ಹೋಗುವುದು.

ಹೊಸ ಬೈಕಿನ ಜೊತೆ ಎರಡು ಐಎಸ್‌ಐ ಹೆಲ್ಮೆಟ್ ಕೊಡಲೇಬೇಕು ಎಂಬ ಕರಡು ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರ ಜೂನ್‌ನಲ್ಲಿ ಹೊರಡಿಸಿತು. ಒಳ್ಳೆಯದೇ. ಆದರೆ ಶೋರೂಮಿನಲ್ಲಿ ಗಿರಾಕಿಯ ಹತ್ತಿರ ಬೈಕಿನ ಬಣ್ಣ ಕೇಳುತ್ತಾರೆ, ಸಾಲದ ಕಂತು ಕೇಳುತ್ತಾರೆ, ತಲೆಯ ಅಳತೆ ಕೇಳುವುದಿಲ್ಲ. ಅವನ ತಲೆಯದ್ದೇ ಕೇಳದವರು ಹಿಂದೆ ಕೂರುವ ಹೆಂಡತಿಯ ತಲೆಯದ್ದು ಕೇಳುವುದು ಯಾವಾಗ? ಒಂದು ಟೈಲರ್ ಟೇಪಿಗೆ ಎಷ್ಟು ಮಹಾ ಖರ್ಚು?