ಬಾಂಡ್ ನೌಕರನಿಗೆ ಮಾತ್ರ ಏಕೆ?

ನಾಸಿಕ್‌ನಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ರಸ್ತೆಯಲ್ಲೇ ಸಾತ್‌ಪುರ ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಕಂಪನಿಯೊಂದಕ್ಕೆ ಬೆಂಗಳೂರು ಬಿಟ್ಟು ಬಂದು ಒಂದು ವರ್ಷವಾಯಿತು. ಯಂತ್ರಗಳ ದತ್ತಾಂಶ ವಿಶ್ಲೇಷಿಸುವ ಹೊಸ ತಂತ್ರಾಂಶ ಕಟ್ಟುವ ತಂಡ, ಆರು ತಿಂಗಳಿಗೆ ಸಂಬಳ ಪರಿಷ್ಕರಣೆ, ವಾರಕ್ಕೆರಡು ದಿನ ಮನೆಯಿಂದ ಕೆಲಸ ಎಂದು ಸಂದರ್ಶನದಲ್ಲಿ ಹೇಳಿದ್ದರು. ಸಿಕ್ಕಿದ್ದು ಹಳೆಯ ಇಆರ್‌ಪಿಯ ದೂರಿನ ಟಿಕೆಟ್‌ಗಳು, ರಾತ್ರಿ ಪಾಳಿ ಮತ್ತು ಛತ್ರಪತಿ ಸಂಭಾಜಿನಗರದ ವಾಳೂಜ್ ಘಟಕಕ್ಕೆ ವಾರಗಟ್ಟಲೆ ಓಡಾಟ. ಕೇಳಿದರೆ ಎಚ್‌ಆರ್ ತೋರಿಸಿದ್ದು ನೇಮಕಾತಿ ಪತ್ರದ ಒಂದೇ ಸಾಲು: ಕಂಪನಿಯ ಅಗತ್ಯಕ್ಕೆ ತಕ್ಕಂತೆ ಕೆಲಸ ನಿಗದಿಪಡಿಸಲಾಗುವುದು. ಅದೇ ಪತ್ರದಲ್ಲಿ ನನ್ನ ಹದಿನೆಂಟು ತಿಂಗಳ ಬಾಂಡ್, ತೊಂಬತ್ತು ದಿನಗಳ ನೋಟಿಸ್, ಬಿಟ್ಟರೆ ಕಟ್ಟಬೇಕಾದ ಮೊತ್ತ ಎಲ್ಲವೂ ಅಂಕಿಯಲ್ಲಿ ಸ್ಪಷ್ಟವಾಗಿದೆ.

ಊರಿನ ಹಿರಿಯರೊಬ್ಬರು, ‘ಹೇಗೂ ತ್ರ್ಯಂಬಕೇಶ್ವರದ ಪಕ್ಕದಲ್ಲೇ ಇದೀಯಲ್ಲ, ಒಂದು ಕಾಲಸರ್ಪ ಶಾಂತಿ ಮಾಡಿಸಪ್ಪ’ ಎಂದರು. ಅವರ ಕಾಳಜಿ ದೊಡ್ಡದು. ಆದರೆ ಇದು ಗ್ರಹಚಾರದ ದೋಷವಲ್ಲ, ಕರಾರಿನ ದೋಷ.

ಇದು ನನ್ನೊಬ್ಬನ ಕಥೆಯೂ ಅಲ್ಲ. 2023ರ ಫೆಬ್ರುವರಿಯಲ್ಲಿ ವಿಪ್ರೊ, 6.5 ಲಕ್ಷ ರೂಪಾಯಿ ವಾರ್ಷಿಕ ಸಂಬಳದ ಆಫರ್ ಹಿಡಿದು ಕಾಯುತ್ತಿದ್ದ ಹೊಸ ಪದವೀಧರರಿಗೆ 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಕಳುಹಿಸಿತು. ಅವರಲ್ಲಿ ಹಲವರು 2022ರಲ್ಲೇ ಆಫರ್ ಪಡೆದು ಎರಡು ವರ್ಷಕ್ಕೂ ಹೆಚ್ಚು ಕಾದವರು. ಮೂರು ಅವಕಾಶದಲ್ಲೂ ಆಂತರಿಕ ಪರೀಕ್ಷೆ ಪಾಸಾಗದಿದ್ದರೆ ಮುಂದುವರಿಸುವುದಿಲ್ಲ ಎಂಬ ಷರತ್ತು ಒಪ್ಪಂದದಲ್ಲೇ ಇತ್ತು ಎಂದಿತು ಕಂಪನಿ. ಷರತ್ತು ಇದ್ದಿರಬಹುದು. ಆದರೆ ಎರಡು ವರ್ಷ ಕಾಯಿಸಿದ್ದಕ್ಕೆ ಕಂಪನಿ ತೆರಬೇಕಾದ ಬೆಲೆ ಯಾವ ಒಪ್ಪಂದದಲ್ಲಿದೆ?

ನೌಕರನ ಕಡೆಯ ಮಾತಿಗೆ ಮಾತ್ರ ಕಾನೂನಿನ ಬಲ ಗಟ್ಟಿಯಾಗಿದೆ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಮೂರು ವರ್ಷ ಮುಗಿಯುವ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮತ್ತೆ ನೇಮಕಾತಿ ನಡೆಸಲು ಸಮಯ, ಹಣ ಖರ್ಚಾಗುತ್ತದೆ ಎಂಬ ತರ್ಕ ಒಪ್ಪುವಂಥದ್ದೇ. ಆದರೆ ಅದು ನೌಕರ ನಡುವೆ ಬಿಟ್ಟುಹೋದ ಪ್ರಕರಣ. ಕಂಪನಿಯೇ ಕೆಲಸದ ಸ್ವರೂಪ ಬದಲಿಸಿದಾಗಲೂ ಬಾಂಡ್ ಉಳಿಯಬೇಕೇ ಎಂಬುದು ಬೇರೆಯೇ ಪ್ರಶ್ನೆ.

ನೆರವೇರಿಸುವ ಉದ್ದೇಶವೇ ಇಲ್ಲದೆ ಕೊಟ್ಟ ಮಾತನ್ನು 1872ರ ಕರಾರು ಕಾಯ್ದೆಯ 17ನೇ ಕಲಂ ವಂಚನೆ ಎನ್ನುತ್ತದೆ. ಆದರೆ ಸಂದರ್ಶನದ ಮಾತಿಗೆ ಸಾಕ್ಷಿ ಯಾರು? ಉದ್ದೇಶವಿರಲಿಲ್ಲ ಎಂದು ಸಾಬೀತು ಮಾಡುವವರು ಯಾರು? ಬಾಡಿಗೆ ಅಡ್ವಾನ್ಸ್ ಕೊಟ್ಟು, ಮಗುವನ್ನು ಹೊಸ ಭಾಷೆಯ ಊರಿನ ಶಾಲೆಗೆ ಸೇರಿಸಿದ ಮೇಲೆ ಕೋರ್ಟಿಗೆ ಅಲೆಯುವ ತ್ರಾಣ ಪರಊರಿನವನಿಗೆ ಎಲ್ಲಿಂದ ಬರಬೇಕು?

ಮಾರುಕಟ್ಟೆ ಬದಲಾಗುತ್ತದೆ, ಪ್ರಾಜೆಕ್ಟ್ ಕೈತಪ್ಪುತ್ತದೆ, ಎಲ್ಲವನ್ನೂ ಮೊದಲೇ ಬರೆದುಕೊಡಲಾಗದು ಎನ್ನುತ್ತವೆ ಕಂಪನಿಗಳು. ನಿಜ. ಆದರೆ ಬದಲಾವಣೆಯ ನಷ್ಟವನ್ನು ಒಬ್ಬರೇ ಏಕೆ ಹೊರಬೇಕು? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಅದು ಒಳ್ಳೆಯ ಹೆಜ್ಜೆ. ಅದಕ್ಕೆ ಇನ್ನೊಂದು ನಿಯಮ ಸೇರಲಿ: ಕೆಲಸದ ಸ್ವರೂಪ, ಸ್ಥಳ, ಪಾಳಿ, ಸಂಬಳದಲ್ಲಿ ಖಾತ್ರಿಯ ಭಾಗ ಎಷ್ಟು ಎಂಬುದು ಪತ್ರದಲ್ಲಿರಲಿ. ಮೊದಲ ವರ್ಷದಲ್ಲಿ ಇವುಗಳಲ್ಲಿ ಯಾವುದನ್ನು ಕಂಪನಿ ಬದಲಿಸಿದರೂ ಬಾಂಡ್ ತಾನಾಗಿ ರದ್ದಾಗಲಿ. ಸೇರುವ ದಿನ ಮುಂದಕ್ಕೆ ಹೋದರೆ ಕಾಯುವ ತಿಂಗಳುಗಳಿಗೂ ಒಂದಿಷ್ಟು ಭತ್ಯೆ ಇರಲಿ.

ಕಾನೂನು ಬರುವವರೆಗೆ ಹೊರರಾಜ್ಯಕ್ಕೆ ಹೊರಟ ಗೆಳೆಯರಿಗೆ ಹೇಳುವುದಿಷ್ಟೇ: ಸಂದರ್ಶನದಲ್ಲಿ ಕೇಳಿದ ಭರವಸೆಗಳನ್ನು ಅಂದೇ ಎಚ್‌ಆರ್‌ಗೆ ಇಮೇಲ್ ಮಾಡಿ, ‘ನಾನು ತಿಳಿದುಕೊಂಡಿದ್ದು ಸರಿಯೇ’ ಎಂದು ಕೇಳಿ. ಉತ್ತರ ಬಂದರೆ ಅದೊಂದು ದಾಖಲೆ. ಬಾರದಿದ್ದರೆ, ಮನೆ ಸಾಮಾನು ಲಾರಿಗೆ ಹಾಕುವ ಮುನ್ನವೇ ಒಂದು ವಿಷಯ ತಿಳಿದಂತಾಯಿತು.